ವಾಪಸ್ ಡಬ್ಬಿ

ನಮ್ಮಕ್ಕನ ಲ್ಯಾಬಿನ ಮಾಲೀಕ ಮೊದಲಿನಿಂದ ಕೆಟ್ಟವನೇನಲ್ಲ, ಬರೀ ಸೋಮಾರಿ. ಸೋಮಾರಿಯ ಕೈಕೆಳಗೆ ಹೇಗೋ ಬದುಕಬಹುದು. ಅವನ ಪಾಡಿಗೆ ಅವನು ಕುರ್ಚಿಯಲ್ಲಿ ತೂಕಡಿಸುತ್ತಾನೆ, ಉಳಿದವರು ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಉದ್ಧಾರವಾಗಿ ಬಂದವನ ಕೈಕೆಳಗೆ ಬದುಕುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಈ ಮಹಾಶಯ ನಾಲ್ಕು ದಿನದ ಶಿಬಿರಕ್ಕೆಂದು ಹೋದ, ಐದನೆಯ ದಿನ ಹಲ್ಲು ಕಿರಿಯುತ್ತ ಬಂದ. ಆ ಕಿರಿದ ಹಲ್ಲು ಮತ್ತೆ ಮುಚ್ಚಲೇ ಇಲ್ಲ.

ಅಕ್ಕ ಹಲ್ಲು ಕಟ್ಟುವವಳು. ಡಾಕ್ಟರ್ ಅಲ್ಲ. ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಉಜ್ಜಿ ಹೊಳಪು ಕೊಟ್ಟು, ಪೂರ್ತಿ ಸೆಟ್ಟು ಮಾಡಿ ಕಳಿಸುವವರು ಇವರು. ಇಪ್ಪತ್ತಾರು ವರ್ಷ ಅದೇ ಬೆಂಚು, ಅದೇ ಕಿಟಕಿ. ನಮ್ಮೂರಿನ ಅರ್ಧ ಮುದುಕರು ಅಗಿಯುವುದು ಅಕ್ಕನ ಕೈಯ ಹಲ್ಲಿನಲ್ಲಿ. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಗುಲಾಬಿ ಪುಡಿ, ಬೆರಳ ತುದಿಯಲ್ಲಿ ನೀಲಿ ಕಲೆ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಎರಡರ ನಡುವೆ ನೀಲಿ ಕಾಗದ ಇಟ್ಟು ತಟ್ಟುತ್ತಾರೆ. ಎಲ್ಲಿ ಹಲ್ಲು ಕೂದಲೆಳೆಯಷ್ಟು ಎತ್ತರವೋ ಅಲ್ಲಿ ನೀಲಿ ಹತ್ತುತ್ತದೆ, ಅಲ್ಲಿ ಉಜ್ಜುತ್ತಾರೆ.

ನಾನು ಅವಳ ತಮ್ಮ. ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ಮೂರನೇ ಮಹಡಿಯ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡೆ. ಅಂದಿನಿಂದ ಕೈಯಲ್ಲಿ ಕೋಲು, ತಲೆ ಮೇಲೆ ಅಕ್ಕನ ಬಾಡಿಗೆ ಮನೆಯ ಸೂರು. ಅಡುಗೆ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಬಿಡುವಾದಾಗ ಸಿಕ್ಕಸಿಕ್ಕವರನ್ನು ಬೈಯುತ್ತೇನೆ. ಮೂರರಲ್ಲಿ ಕೊನೆಯದು ಮಾತ್ರ ನನಗೆ ಚೆನ್ನಾಗಿ ಬರುತ್ತದೆ ಎಂಬುದು ಅಕ್ಕನ ಅಭಿಪ್ರಾಯ.

ಲ್ಯಾಬು ಕಟ್ಟಿದ್ದು ಈಗಿನ ಮಾಲೀಕನ ಅಪ್ಪ, ಹಳೇ ಸಾರು. ಅವರದೊಂದು ಪದ್ಧತಿ ಇತ್ತು. ಅಕ್ಕನ ಬೆಂಚಿನ ಪಕ್ಕ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಅದಕ್ಕೆ ವಾಪಸ್ ಡಬ್ಬಿ ಎಂದೇ ಹೆಸರು. ಕೂರುವುದಿಲ್ಲ, ಚುಚ್ಚುತ್ತದೆ, ಕಚ್ಚಲು ಬರುವುದಿಲ್ಲ ಎಂದು ಡಾಕ್ಟರುಗಳು ಹಿಂದಕ್ಕೆ ಕಳಿಸಿದ ಸೆಟ್ಟುಗಳೆಲ್ಲ ಅದರೊಳಗೆ. ಬೆಳಗ್ಗೆ ಮೋಟಾರು ಶುರುವಾಗುವ ಮುಂಚೆ ಅಕ್ಕ ಡಬ್ಬಿ ತೆಗೆದು, ಒಂದೊಂದೇ ಸೆಟ್ಟನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು: “ಕೆಳಗೆ ಎಡಗಡೆ ಎರಡನೇ ದವಡೆಹಲ್ಲು ಎತ್ತರ. ಇದು ತಪ್ಪು. ಮಾಡಿದ್ದು ಮೇಣದ ಮಾಮ.” ಮೇಣದ ಮಾಮ ಎಂದರೆ ಪಕ್ಕದ ಬೆಂಚಿನಲ್ಲಿ ಮೇಣದ ಕೆಲಸ ಮಾಡುವವನು. ಎಷ್ಟೋ ದಿನ “ಮಾಡಿದ್ದು ನಾನು” ಎಂದೂ ಹೇಳಿದ್ದಾಳೆ. ಹಳೇ ಸಾರು ಕಡ್ಡಿ ಮುರಿದ ಹಾಗೆ ಹೇಳಿಟ್ಟಿದ್ದರು: “ತಪ್ಪು ಒಂದೇ ಸಲ ಹೇಳ್ಬೇಕು, ಜೋರಾಗಿ ಹೇಳ್ಬೇಕು. ಮಧ್ಯಾಹ್ನದ ಊಟದೊಳಗೆ ಅದು ಸರಿಯಾಗ್ಬೇಕು. ಊಟ ಆದ್ಮೇಲೂ ಅದನ್ನೇ ಆಡ್ಕೊಳ್ಳೋರು ಬೇರೆ ಕೆಲಸ ನೋಡ್ಕೊಳ್ಳಿ.” ಇಷ್ಟು ವರ್ಷದಲ್ಲಿ ಆ ಡಬ್ಬಿಯಿಂದಾಗಿ ಒಬ್ಬರಿಗೊಬ್ಬರು ಮುಖ ಗಂಟು ಹಾಕಿಕೊಂಡಿದ್ದನ್ನು ನಾನು ಕೇಳಿಲ್ಲ.

ಮಗರಾಯ ಶಿಬಿರದಿಂದ ಬಂದವನೇ ಮೊದಲು ಮಾಡಿದ ಘನಕಾರ್ಯ ಎಂದರೆ ಆ ಡಬ್ಬಿಯನ್ನು ಸಿಂಕಿನ ಕೆಳಗೆ ತಳ್ಳಿದ್ದು. ಅವನು ಸೇರಿದ ಗುಂಪಿನ ಹೆಸರು ಅರಳು ಬಳಗ. ಮನುಷ್ಯ ಮೊಗ್ಗಂತೆ, ಬಳಗ ಅವನನ್ನು ಅರಳಿಸುತ್ತದಂತೆ. ‘ತಪ್ಪು’ ಎಂಬ ಮಾತು ಮೊಗ್ಗನ್ನು ಬಾಡಿಸುವುದರಿಂದ ಲ್ಯಾಬಿನಲ್ಲಿ ಇನ್ನು ಮುಂದೆ ಯಾರೂ ಆ ಮಾತು ಆಡಕೂಡದು. ಬಾಯಿ ತಪ್ಪಿ ಆಡಿದವರು ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು “ನಾನು ಅರಳುತ್ತಿದ್ದೇನೆ” ಎನ್ನಬೇಕು. ಮೇಣದ ಮಾಮನಿಗೆ ಅರವತ್ತಮೂರು. ಮೊದಲ ವಾರದಲ್ಲೇ ಆತ ಹದಿನಾಲ್ಕು ಸಲ ಅರಳಿದ.

ಈ ಬಳಗದ ವಿಷಯ ಪೇಪರಿನಲ್ಲಿ ಬಂದಿತ್ತು. ಮೂರು ಮನೆಯವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನು ಬಿಟ್ಟು ಇವರ ಜೊತೆ ಹೊರಟುಹೋಗಿದ್ದಳು. ಒಬ್ಬ ಮಗ ಕಾಯಿಲೆಯ ಅಪ್ಪನನ್ನು ಇಳಿಸಿಬಿಟ್ಟಿದ್ದ. ಇಳಿಸುವುದು ಎಂದರೆ ಅವರ ಭಾಷೆಯಲ್ಲಿ ಸಂಬಂಧ ಕಳಚಿಕೊಳ್ಳುವುದು. ನಾನು ಆ ಪೇಪರಿನ ತುಂಡು ಕತ್ತರಿಸಿ ಅಕ್ಕನ ಚೀಲದಲ್ಲಿಟ್ಟೆ. ಅವಳು ಅದನ್ನು ಮಾಲೀಕನಿಗೆ ತೋರಿಸಿಯೂ ತೋರಿಸಿದಳಂತೆ. “ಒಳ್ಳೇದನ್ನ ಜನ ಯಾವಾಗ್ ಸುಮ್ನೆ ಬಿಟ್ಟಿದ್ದಾರೆ ಅಕ್ಕ?” ಎಂದು ಅವನು ನಕ್ಕನಂತೆ. ಚಡ್ಡಿ ಹಾಕಿಕೊಂಡು ಅಪ್ಪನ ಹಿಂದೆ ಲ್ಯಾಬಿಗೆ ಬರುತ್ತಿದ್ದ ಕಾಲದಿಂದ ಅವನು ಅವಳನ್ನು ಅಕ್ಕ ಎಂದೇ ಕರೆಯುವುದು. ಅದನ್ನು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತದೆ.

ಬೆಳಗ್ಗೆ ಡಬ್ಬಿ ತೆಗೆಯುತ್ತಿದ್ದ ಹೊತ್ತಿನಲ್ಲಿ ಈಗ ದುಂಡಗೆ ಕುರ್ಚಿ ಹಾಕಿ ಎಲ್ಲರನ್ನೂ ಕೂರಿಸುತ್ತಾನೆ. ಹಲ್ಲಿನ ತಪ್ಪನ್ನು ಬಾಯಿ ಬಿಟ್ಟು ಹೇಳುವಂತಿಲ್ಲ, ಆದರೆ ಮನೆಯೊಳಗಿನದನ್ನೆಲ್ಲ ಹೇಳಬೇಕು. ಗಂಡ ಹೇಗೆ, ಅತ್ತೆ ಹೇಗೆ, ಯಾರ ಮೇಲೆ ಸಿಟ್ಟು, ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ. ಹಿಂದಕ್ಕೆ ಬಂದ ಸೆಟ್ಟುಗಳು ಹೊಸ ಪೆಟ್ಟಿಗೆಯಲ್ಲಿ ಹಾಗೇ ಡಾಕ್ಟರುಗಳಿಗೆ ಹೋಗುತ್ತಿದ್ದವು, ಹಾಗೇ ಮತ್ತೆ ಬರುತ್ತಿದ್ದವು. ಅಕ್ಕ ಕದ್ದುಮುಚ್ಚಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನ್ನು ಉಜ್ಜುತ್ತಿದ್ದಳು. ಕಳ್ಳತನ ಮಾಡುವವರ ಹಾಗೆ ಬಾಗಿಲು ನೋಡಿಕೊಂಡು ಕೆಲಸ ಮಾಡಬೇಕಾಗಿ ಬಂತಲ್ಲ ಎಂದು ಒಂದು ದಿನ ಹೇಳಿದಳು. ಅಷ್ಟೇ ಹೇಳಿದ್ದು.

ಆಮೇಲೆ ಭಾರದ ಪಟ್ಟಿ ಬಂತು. ಪ್ರತಿಯೊಬ್ಬರೂ ತಮ್ಮ ಬದುಕಿಗೆ ಯಾರು ಭಾರವೋ ಅವರ ಹೆಸರು ಬರೆಯಬೇಕು. ಎಲ್ಲರ ಮುಂದೆ ಅವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನೀನು ನನ್ನ ಭಾರ ಎಂದು ಹೇಳಿ ಇಳಿಸಬೇಕು. ಪಾಲಿಶ್ ಮಾಡುವಾಕೆ ಹೆದರಿಕೊಂಡು ತನ್ನ ತಾಯಿಗೆ ಫೋನ್ ಮಾಡಿದಳು. ಆ ತಾಯಿ ಅಂದಿನಿಂದ ಮಗಳ ಫೋನ್ ಎತ್ತುತ್ತಿಲ್ಲ. ಅಕ್ಕ ಎರಡು ಸಲ ಖಾಲಿ ಹಾಳೆ ಕೊಟ್ಟಳು. ಮೂರನೆಯ ಸಲ ಮಾಲೀಕನೇ ಪೆನ್ನು ತೆಗೆದು, ಅವಳ ಹಾಳೆಯಲ್ಲಿ ತನ್ನ ಕೈಯಾರೆ ಬರೆದ: ತಮ್ಮ. ಅದರ ಕೆಳಗೆ ಹೇಳಬೇಕಾದ ಮೂರು ವಾಕ್ಯಗಳನ್ನೂ ಬರೆದುಕೊಟ್ಟ. ಶುಕ್ರವಾರದೊಳಗೆ ಫೋನ್ ಮಾಡಬೇಕು, ಇಲ್ಲವಾದರೆ ಈ ಮನೆಯಲ್ಲಿ ಇರುವ ಮನಸ್ಸು ನಿಮಗೆ ಇದೆಯೋ ಇಲ್ಲವೋ ನೀವೇ ಯೋಚಿಸಿ ಎಂದ. ಈ ಮನೆ ಎಂದರೆ ಲ್ಯಾಬು. ಕೆಲಸದಿಂದ ತೆಗೆಯುವುದನ್ನೂ ಈ ಜನ ಎಷ್ಟು ಮೃದುವಾಗಿ ಹೇಳುತ್ತಾರೆ ನೋಡಿ!

ಊರಿನಲ್ಲಿ ಇದ್ದದ್ದು ಇದೊಂದೇ ಲ್ಯಾಬು. ಅಕ್ಕನಿಗೆ ಐವತ್ತೊಂದು, ಕಣ್ಣಿಗೆ ದಪ್ಪ ಕನ್ನಡಕ. ಬೇರೆ ಊರಿಗೆ ಹೋಗಿ ಯಾರ ಬಾಗಿಲು ತಟ್ಟಬೇಕು? ಅವಳು ಇದ್ಯಾವುದನ್ನೂ ನನಗೆ ಹೇಳಲಿಲ್ಲ. ಬುಧವಾರ ಸಂಜೆ ಅವಳ ಕನ್ನಡಕದ ಡಬ್ಬಿ ಹುಡುಕುವಾಗ ಚೀಲದಲ್ಲಿ ಆ ಹಾಳೆ ಸಿಕ್ಕಿತು.

ಓದಿದಾಗ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ತೋರಿಸಿಕೊಳ್ಳಲಿಲ್ಲ.

“ಅಯ್ಯೋ, ಇಷ್ಟಕ್ಕೇನಾ ಮೂರು ದಿನದಿಂದ ಮುಖ ಊದಿಸ್ಕೊಂಡಿರೋದು?” ಎಂದೆ. “ಹೇಳ್ಬಿಡು. ನನ್ನ ಗಂಟೇನು ಹೋಗುತ್ತೆ?”

“ನಿನಗೆ ಹಾಗೆಲ್ಲ ಹೇಳೋಕಾಗುತ್ತೇನೋ?”

“ಯಾಕಾಗಲ್ಲ? ಬಾ, ಪ್ರಾಕ್ಟೀಸ್ ಮಾಡೋಣ.”

ಸೌಟನ್ನು ಕಿವಿಗೆ ಹಿಡಿದು ಸ್ಟೂಲಿನ ಮೇಲೆ ಕೂತೆ. ಅವಳು ಹಾಳೆ ನೋಡಿಕೊಂಡು ಓದಿದಳು: “ನೀನು ನನ್ನ ಭಾರ. ನಿನ್ನಿಂದಾಗಿ ನಾನು ಬೆಳೆಯಲಿಲ್ಲ. ಇವತ್ತು ನಾನು ನಿನ್ನನ್ನು ಇಳಿಸುತ್ತಿದ್ದೇನೆ.” ನಾನು ನಾಟಕದವರ ಹಾಗೆ ಎದೆ ಹಿಡಿದುಕೊಂಡು, “ಎಲ್ಲಿ ಇಳಿಸ್ತೀಯಕ್ಕಾ? ಬಸ್ ಸ್ಟಾಪ್ ಹತ್ರ ಇಳಿಸು, ಈ ಸೊಂಟ ಇಟ್ಕೊಂಡು ಜಾಸ್ತಿ ನಡೆಯೋಕಾಗಲ್ಲ!” ಎಂದು ಗೋಳಾಡಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಬಿಕ್ಕಳಿಕೆ ಬಂದು, ನೀರು ಕುಡಿದು, ಮತ್ತೆ ನಕ್ಕಳು. ಗುರುವಾರ ಸಂಜೆಯೂ ಪ್ರಾಕ್ಟೀಸ್ ಮಾಡಿದೆವು. ಅಂಥ ಮಜಾ ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಶುಕ್ರವಾರ ಹನ್ನೊಂದೂಕಾಲಿಗೆ ಫೋನ್ ಬಂತು. ನಾನು ಬಟಾಣಿ ಸುಲಿಯುತ್ತಿದ್ದೆ. ಲ್ಯಾಬಿನಿಂದ ಅಕ್ಕ ಯಾವಾಗ ಫೋನ್ ಮಾಡಿದರೂ ಹಿಂದೆ ಮೋಟಾರುಗಳ ಗುಂಯ್ ಎನ್ನುವ ಸದ್ದು ಇರುತ್ತಿತ್ತು. ಅವತ್ತು ಎಲ್ಲ ನಿಲ್ಲಿಸಿದ್ದರು. ಯಾರೋ ಕೆಮ್ಮಿದ್ದು, ಯಾರದೋ ಕುರ್ಚಿ ಕಿರ್ರೆಂದಿದ್ದು ನನ್ನ ಅಡುಗೆಮನೆಗೆ ಕೇಳಿಸಿತು.

ಅಕ್ಕ ಮೂರು ವಾಕ್ಯಗಳನ್ನೂ ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು. ನಾನೂ ನನ್ನ ಪಾತ್ರ ಬಿಡಲಿಲ್ಲ. “ಅಯ್ಯೋ ಅಕ್ಕಾ, ಹೀಗನ್ನೋದಾ!” ಎಂದೆ.

ಮಾಲೀಕನ ದನಿ ಬಂತು, ಜೇನಿನಲ್ಲಿ ಅದ್ದಿ ತೆಗೆದ ಹಾಗೆ. “ಅಕ್ಕ, ಇದು ನಾಲಿಗೆಯಿಂದ ಬರ್ತಿದೆ. ಒಳಗಿಂದ ಬರ್ಲಿ. ಇನ್ನೊಂದ್ಸಲ.”

ಅವಳು ಇನ್ನೊಂದು ಸಲ ಹೇಳಿದಳು.

“ಇಲ್ಲ, ಇನ್ನೂ ಒಳಗಿದೆ. ನಿಜವಾದದ್ದು ಹೇಳಿ. ನಾವು ಕಾಯ್ತೀವಿ. ಸಂಜೆವರೆಗೂ ಬೇಕಾದ್ರೆ ಕಾಯ್ತೀವಿ.”

ಹಾಳೆಯನ್ನು ಮಡಚಿದ ಸದ್ದಾಯಿತು. ಆಮೇಲೆ ಅಕ್ಕನ ದನಿ ಬದಲಾಯಿತು. ಸಿಟ್ಟಿಲ್ಲ, ಅಳುವಿಲ್ಲ. ಡಬ್ಬಿಯಿಂದ ಸೆಟ್ಟು ಎತ್ತಿ ಹಿಡಿದಾಗ ಮಾತಾಡುವ ದನಿ.

“ನೀನು ಬಿದ್ದ ದಿನ ಮಧ್ಯಾಹ್ನ ನಾನು ಮದುವೆ ನೋಂದಣಿಗೆ ಹೋಗ್ಬೇಕಿತ್ತು. ಅವರು ಕಚೇರಿ ಮೆಟ್ಟಿಲ ಮೇಲೆ ಕಾಯ್ತಿದ್ರು. ನಾನು ಆಸ್ಪತ್ರೆಗೆ ಬಂದೆ. ಅವರೂ ಅಲ್ಲಿಗೆ ಮೂರು ಸಲ ಬಂದ್ರು, ನೀನು ನೋಡಿದ್ದೆ. ಆಮೇಲೆ ಬರಲಿಲ್ಲ, ಅದನ್ನೂ ನೋಡಿದ್ದೆ. ನೀನು ಬಿದ್ದದ್ದು ತಪ್ಪಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಅವರೇನಾದ್ರು ಅಂತ ನೀನು ಕೇಳಲಿಲ್ಲ. ಅದು ತಪ್ಪು. ಮಾಡಿದ್ದು ನೀನು.”

ಆ ಕಡೆ ಚಪ್ಪಾಳೆ ಬಿತ್ತು. “ಅರಳಿದರು! ಅಕ್ಕ ಅರಳಿದರು!” ಎಂದು ಮಾಲೀಕ ಕೂಗುತ್ತಿದ್ದ. ಫೋನ್ ಕಟ್ಟಾಯಿತು.

ಅವರು ಎಂದರೆ ಲ್ಯಾಬಿಗೆ ಪ್ಲಾಸ್ಟರ್ ಚೀಲ ತಂದು ಹಾಕುತ್ತಿದ್ದವರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಆಸ್ಪತ್ರೆಗೆ ಬಂದಾಗಲೆಲ್ಲ ನನ್ನ ಮಂಚದ ಹತ್ತಿರ ಕಿತ್ತಳೆ ಇಟ್ಟು, ಕೈ ಕಟ್ಟಿಕೊಂಡು ನಿಂತು ಹೋಗುತ್ತಿದ್ದರು. ನೋಂದಣಿಗೆ ಗೊತ್ತು ಮಾಡಿದ ದಿನವೇ ನಾನು ಬಿದ್ದದ್ದು ಎಂಬುದು ನನಗೆ ಗೊತ್ತಿರಲಿಲ್ಲ. ಉಳಿದದ್ದು ಗೊತ್ತಿತ್ತು. ಕೇಳಿದ್ದರೆ ಉತ್ತರ ಬರುತ್ತಿತ್ತು. ಉತ್ತರ ಬಂದಮೇಲೆ ಅವಳ ಮನೆಯಲ್ಲಿ ಅವಳ ಅನ್ನ ಹೇಗೆ ನುಂಗಲಿ ಎಂಬ ಹೆದರಿಕೆಗೆ ನಾನು ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಎಲ್ಲರನ್ನೂ ಬೈಯುವ ಗಂಡಸು ನಾನು. ಒಂದು ಪ್ರಶ್ನೆ ಕೇಳಲು ಧೈರ್ಯ ಬರಲಿಲ್ಲ.

ಸಂಜೆ ಅವಳು ಎಂದಿನ ಹೊತ್ತಿಗೇ ಬಂದಳು. ಚಪ್ಪಲಿ ಬಿಟ್ಟಳು, ಕೈ ತೊಳೆದಳು, ಸ್ಟೂಲಿನ ಮೇಲೆ ಕೂತಳು. ಬಟಾಣಿ ಅರ್ಧ ಸುಲಿದದ್ದು ಹಾಗೇ ಬಿದ್ದಿತ್ತು.

“ಅವರೇನಾದ್ರು ಅಕ್ಕ?” ಎಂದೆ.

ಬಟಾಣಿಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. “ಎರಡು ತಿಂಗಳು ಕಾದ್ರು. ನಾನೇ ಬೇಡ ಅಂದೆ. ನಿನ್ನನ್ನ ಮಂಚದಿಂದ ಎಬ್ಬಿಸೋದೇ ದೊಡ್ಡದಾಗಿತ್ತು. ಆಮೇಲೆ ಬೇರೆ ಮದುವೆಯಾದ್ರು. ಇಬ್ಬರು ಹೆಣ್ಮಕ್ಕಳು.”

“ಆಮೇಲೆ ನೋಡಿದ್ಯಾ?”

“ಇಲ್ಲ. ಹೋದ ವರ್ಷ ಡಾಕ್ಟರ ಚೀಟಿಯಲ್ಲಿ ಹೆಸರು ಬಂತು. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು. ನಾನೇ ಮಾಡ್ದೆ.”

“ಹೇಗಾಯ್ತು?”

“ಸರಿಯಾಗಿ ಕೂತಿರ್ಬೇಕು. ಡಬ್ಬಿಗೆ ಬರಲಿಲ್ಲ.”

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಬಟಾಣಿ ಸುಲಿದು ಮುಗಿಸಿ, “ಏಳು, ಒಲೆ ಹಚ್ಚು. ಹಸಿವು,” ಎಂದಳು. ಅಂದಿನಿಂದ ಆ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಒಂದೇ ಸಲ, ಆಮೇಲೆ ಇಲ್ಲ.

ಇಷ್ಟಕ್ಕೆ ನಿಂತಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಅವಳು ಹೇಳಬೇಕಾದದ್ದು ಹೇಳಿದಳು, ಕೆಲಸವೂ ಉಳಿಯಿತು. ಆದರೆ ಆ ಧೂರ್ತನ ಹೊಟ್ಟೆ ತುಂಬಿರಲಿಲ್ಲ. ಫೋನಿನಲ್ಲಿ ಆಡಿದ್ದೆಲ್ಲವನ್ನೂ ಅವನು ರೆಕಾರ್ಡ್ ಮಾಡಿಕೊಂಡಿದ್ದ. ಭಾನುವಾರ ಬಳಗದ ಸಭೆ, ಮುನ್ನೂರು ಜನ. ಅಲ್ಲಿ ಮೈಕಿಗೆ ಹಿಡಿದು ಕೇಳಿಸಿದ. ಮೆಟ್ಟಿಲ ಮೇಲೆ ಕಾದವರು, ಮೂರು ಸಲ ಬಂದವರು, ಎಲ್ಲವನ್ನೂ. ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಲೀಕನಿಗೆ ಎದೆಗೆ ಚುಚ್ಚಿಕೊಳ್ಳುವ ಹಿತ್ತಾಳೆ ಹೂವೊಂದು ಸಿಕ್ಕಿತು. ಪಾಲಿಶ್ ಮಾಡುವಾಕೆಯನ್ನೂ ಅವನು ಸಭೆಗೆ ಎಳೆದುಕೊಂಡು ಹೋಗಿದ್ದ. ಸೋಮವಾರ ಬೆಳಗ್ಗೆ ಸಿಂಕಿನ ಹತ್ತಿರ ಅವಳು ಅಕ್ಕನಿಗೆ ಇದನ್ನು ಹೇಳಿದಳು.

ಮುಂದಿನದು ನನಗೆ ಮೇಣದ ಮಾಮ ಆಮೇಲೆ ಮನೆಗೆ ಬಂದು ಹೇಳಿದ್ದು. ಅಕ್ಕ ಬಗ್ಗಿ, ಸಿಂಕಿನ ಕೆಳಗಿನಿಂದ ಡಬ್ಬಿ ಎಳೆದಳಂತೆ. ಸೆರಗಿನಲ್ಲಿ ಧೂಳು ಒರೆಸಿದಳು. ಚೀಲದಿಂದ ಆ ಹಾಳೆ, ಮಾಲೀಕನೇ ‘ತಮ್ಮ’ ಎಂದು ಬರೆದ ಹಾಳೆ, ತೆಗೆದು ಅದರೊಳಗಿಟ್ಟಳು. ದುಂಡಗೆ ಹಾಕಿದ ಕುರ್ಚಿಗಳ ನಡುವೆ ನಡೆದು ಹೋಗಿ ಡಬ್ಬಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ತೆಗೆದು ಹಾಳೆಯನ್ನು ಎತ್ತಿ ಹಿಡಿದಳು.

“ಇದು ವಾಪಸ್, ಸಾರ್. ನಮ್ಮ ಮನೆ ಮಾತನ್ನ ನನ್ನನ್ನ ಕೇಳದೆ ಮುನ್ನೂರು ಜನಕ್ಕೆ ಹಂಚಿದ್ದು ತಪ್ಪು. ಮಾಡಿದ್ದು ನೀವು. ಮಧ್ಯಾಹ್ನದ ಊಟದೊಳಗೆ ಸರಿಯಾಗ್ಬೇಕು. ಅದನ್ನ ಅಳಿಸಿ. ಕೇಳಿಸಿದ್ದು ತಪ್ಪಾಯ್ತು ಅಂತ ಅವರಿಗೆಲ್ಲ ಹೇಳಿ.”

ಮಾಲೀಕ ನಕ್ಕ. “ನೋಡಿ ಗೆಳೆಯರೇ, ಅರಳೋ ಮುಂಚೆ ಮೊಗ್ಗು ಹೇಗೆ ಒದ್ದಾಡುತ್ತೆ ನೋಡಿ! ಅಕ್ಕನಿಗೆ ಒಂದು ಚಪ್ಪಾಳೆ ಕೊಡೋಣ.”

ಯಾರೂ ಕೈ ಎತ್ತಲಿಲ್ಲ. ತಾನು ನೆಲ ನೋಡುತ್ತಿದ್ದೆ ಎಂದು ಮೇಣದ ಮಾಮನೇ ಒಪ್ಪಿಕೊಂಡ. ಪಾಲಿಶ್ ಮಾಡುವಾಕೆ ಎದ್ದು ಹೋಗಿ ತನ್ನ ಮೋಟಾರಿನ ಸ್ವಿಚ್ ಒತ್ತಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬೆಂಚಿಗೆ ಹೋದರು. ಅಕ್ಕ ಅರ್ಧ ದಿನ ಕೆಲಸ ಮಾಡಿದಳು. ಕೈಯಲ್ಲಿದ್ದ ಸೆಟ್ಟು ಪೂರ್ತಿ ಮಾಡಿ, ನೀಲಿ ಕಾಗದ ಇಟ್ಟು ಎರಡು ಸಲ ತಟ್ಟಿ ನೋಡಿ, ಪೆಟ್ಟಿಗೆಗೆ ಹಾಕಿ ಹೆಸರು ಬರೆದಳು. ಊಟದ ಗಂಟೆ ಬಾರಿಸಿದಾಗ ಅವನ ಮೇಜಿಗೆ ಹೋಗಿ ಕೇಳಿದಳು, “ಆಯ್ತಾ?”

“ನೀವು ಈ ಮನೆಗೆ ಸೇರಿದವರಲ್ಲ ಅನ್ಸುತ್ತೆ, ಅಕ್ಕ,” ಎಂದ ಅವನು. ಆಗಲೂ ಹಲ್ಲು ಕಾಣುತ್ತಿತ್ತಂತೆ.

ಅವಳು ತನ್ನ ಮೇಣದ ಚಾಕು ಮತ್ತು ಕನ್ನಡಕ ತೆಗೆದುಕೊಂಡು ಹೊರಟಳು. ಡಬ್ಬಿಯನ್ನು ಅವನ ಮೇಜಿನ ಮೇಲೇ ಬಿಟ್ಟಳು.

ಕೆಲಸದ ದಿನ, ಹಗಲು ಹೊತ್ತಿನಲ್ಲಿ ಅಕ್ಕ ಮನೆಬಾಗಿಲಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನೊಬ್ಬನಿಗೆಂದು ಮಾಡಿಕೊಂಡದ್ದನ್ನು ತಟ್ಟೆಗೆ ಹಾಕಿಕೊಂಡು ಕೂತಿದ್ದೆ. ಅವಳ ಕೈಯಲ್ಲಿ ಮೇಣದ ಚಾಕು. ಯಾರೂ ಹೇಳಬೇಕಾಗಿರಲಿಲ್ಲ.

“ಕೆಲಸ ಹೋಯ್ತಾ?”

“ಹೋಯ್ತು.”

ಮಾಲೀಕನ ಹುಟ್ಟನ್ನು ಜಾಲಾಡುವ ಬೈಗುಳವೊಂದು ನಾಲಿಗೆ ತುದಿಗೆ ಬಂದಿತ್ತು. ಹಳೆಯ ನಾನಾಗಿದ್ದರೆ ಅರ್ಧ ಗಂಟೆ ಅದನ್ನೇ ಕಕ್ಕಿ, ಕೇಳಬೇಕಾದದ್ದನ್ನು ನುಂಗಿಬಿಡುತ್ತಿದ್ದೆ. ಅವತ್ತು ಬೈಗುಳ ನುಂಗಿದೆ.

“ನನ್ನಿಂದಾನಾ ಅಕ್ಕ?” ಎಂದೆ.

ಅವಳು ನನ್ನನ್ನೇ ನೋಡಿದಳು. ನೀಲಿ ಎಲ್ಲಿ ಹತ್ತಿದೆ ಎಂದು ನೋಡುವಾಗ ಹಾಗೆ ನೋಡುತ್ತಾಳೆ, ಕಣ್ಣು ಕಿರಿದು ಮಾಡಿ, ಅವಸರವಿಲ್ಲದೆ.

“ಸ್ವಲ್ಪ ನಿನ್ನಿಂದ,” ಎಂದಳು. “ಜಾಸ್ತಿ ಅವನಿಂದ.”

ನಾನು ತಟ್ಟೆಯನ್ನು ಅವಳ ಕಡೆ ತಳ್ಳಿ, ಕೋಲು ಊರಿಕೊಂಡು ಎದ್ದು, ಇನ್ನೊಂದು ಪಾತ್ರೆ ಒಲೆಗೆ ಇಟ್ಟೆ. ಅವಳು ಒಂದು ತುತ್ತು ತಿಂದಳು. ಉಪ್ಪು ಜಾಸ್ತಿ ಎಂದಳು. ಆಮೇಲೆ ಬಾಯಿ ಒರೆಸಿಕೊಂಡು, “ಹೂಂ, ಈಗ ಬೈ ಅವನನ್ನ. ಊಟ ಮುಗಿಯೋವರೆಗೆ ಟೈಮಿದೆ,” ಎಂದಳು.

ನಾನು ಶುರುಮಾಡಿದೆ.